ನಾಲ್ಕು ಗೆರೆಯ ಸ್ವರಲಿಪಿ ಓದುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಗ್ರೆಗೋರಿಯನ್ ಪಠಣದ (ಕ್ಯಾಥೊಲಿಕ್ ಚರ್ಚಿನ ಹಳೆಯ ಲ್ಯಾಟಿನ್ ಪ್ರಾರ್ಥನಾ ಗಾಯನ) ಹಾಳೆಗಳನ್ನು ಹಾಡಿ ನೋಡುವ ಮುನ್ನ ಇದನ್ನೊಮ್ಮೆ ಓದಿ.

ಮೊದಲು ಗೆರೆಗಳ ಎಡತುದಿಯ ಕ್ಲೆಫ್ ಎಂಬ ಗುರುತು ನೋಡಿ. ಅದು ಸಿ ಅಥವಾ ಎಫ್ ಸ್ವರ ಇರುವ ಗೆರೆಯನ್ನಷ್ಟೇ ತೋರಿಸುತ್ತದೆ, ಶ್ರುತಿಯನ್ನಲ್ಲ. ನಿಮ್ಮ ಕಂಠಕ್ಕೆ ಒಗ್ಗುವ ಶ್ರುತಿ ಹಿಡಿಯಿರಿ. ಸಿ ಮತ್ತು ಎಫ್ ಎರಡರ ಕೆಳಗೂ ಅರ್ಧ ಸ್ವರದ ಅಂತರ. ಅದು ತಪ್ಪಿದರೆ ಇಡೀ ಮಟ್ಟು ಕೆಡುತ್ತದೆ. ನಡುವೆ ಕ್ಲೆಫ್ ಜಾಗ ಬದಲಿಸುವುದೂ ಉಂಟು, ಹೆಚ್ಚಿನವರು ಎಡವುವುದು ಅಲ್ಲೇ.

11ನೇ ಶತಮಾನದಲ್ಲಿ ಇಟಲಿಯ ಸನ್ಯಾಸಿ, ಸಂಗೀತ ಶಿಕ್ಷಕ ಅರೆಝೋದ ಗ್ವಿಡೋ ಈ ಅರ್ಧಾಂತರದ ಜಾಗ ತಪ್ಪದಿರಲೆಂದೇ ಗೆರೆಗಳಿಗೆ ಬಣ್ಣ ಕೊಟ್ಟ: ಎಫ್‌ಗೆ ಕೆಂಪು, ಸಿಗೆ ಹಳದಿ. ಸಂತ ಯೋಹಾನನ ಸ್ತೋತ್ರದ ಪದಗುಚ್ಛಗಳು ಒಂದೊಂದೇ ಸ್ವರ ಮೇಲೇರಿ ಶುರುವಾಗುವುದನ್ನು ಬಳಸಿ ಉತ್, ರೆ, ಮಿ, ಫಾ, ಸೊಲ್, ಲಾ ಕಲಿಸಿದ. ಆರೇ ಸ್ವರ, ಅರ್ಧಾಂತರ ಮಿ-ಫಾ ನಡುವೆ ಮಾತ್ರ. ನಮ್ಮವರಿಗೆ ಸುಲಭ: ಶಂಕರಾಭರಣ ರಾಗದ ‘ಸ’ ಸ್ವರದಿಂದ ‘ದ’ ಸ್ವರದವರೆಗೆ.

ಈ ಲಿಪಿಯಲ್ಲಿ ಸ್ವರಗಳನ್ನು ಚೌಕಗಳಾಗಿ ಬರೆಯುತ್ತಾರೆ. ಒಂದರ ಮೇಲೊಂದು ಚೌಕವಿದ್ದರೆ ಕೆಳಗಿನದು ಮೊದಲು. ದಪ್ಪ ಓರೆಗೆರೆಗೆ ಎರಡು ತುದಿಯ ಸ್ವರ ಮಾತ್ರ. ದಯವಿಟ್ಟು ನಡುವೆ ಜಾರು (ಸ್ವರದಿಂದ ಸ್ವರಕ್ಕೆ ಎಳೆಯುವುದು) ಬೇಡ! ವಜ್ರಾಕಾರದ ಚುಕ್ಕೆ ಕಂಡು ಚುರುಕಾಗಿ ಹಾಡಬೇಡಿ, ಪಠಣದಲ್ಲಿ ಅದು ಕಾಲಮಾನದ ಗುರುತಲ್ಲ.

ದಕ್ಷಿಣ ಫ್ರಾನ್ಸಿನ ಟ್ರೂಬಡೂರರ (ಮಧ್ಯಯುಗದ ಕವಿ-ಗಾಯಕರ) ಪ್ರೇಮಗೀತೆಗಳೂ ಹೆಚ್ಚಾಗಿ ಇದೇ ಚೌಕಲಿಪಿಯಲ್ಲಿವೆ, ಲಯದ ಸೂಚನೆಯಿಲ್ಲದೆ. ಧ್ವನಿಮುದ್ರಿಕೆಗಳಲ್ಲಿ ಕೇಳುವ ತಾಳ, ತಮಟೆ ಇಂದಿನ ಗಾಯಕರ ಊಹೆ. ಅಲ್ಲಿ ಪದ್ಯದ ನಡೆಯನ್ನೇ ಅನುಸರಿಸಿ.