ಸರ್ವರ್ ಕೊಟೇಶನ್‌ನಲ್ಲಿ ಮೊದಲು ಕೆಲಸ ಬರೆಯಿರಿ, ಪ್ರೊಸೆಸರ್ ಹೆಸರು ಆಮೇಲೆ

ಮಾನ್ಯ ಸಂಪಾದಕರೇ,

ನಮ್ಮ ಬಾಗಲಕೋಟೆ ಜಿಲ್ಲೆಯಲ್ಲಿ ಪತ್ತಿನ ಸಂಘಗಳಿಗೇನೂ ಕೊರತೆ ಇಲ್ಲ. ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿ, ಇಳಕಲ್ ಎಲ್ಲೇ ಹೋದರೂ ಪೇಟೆಯಲ್ಲಿ ನಾಲ್ಕು ಹೆಜ್ಜೆಗೊಂದು ಸೌಹಾರ್ದದ ಬೋರ್ಡ್ ಕಾಣುತ್ತದೆ. ಪಿಗ್ಮಿ ವಸೂಲಿಯಿಂದ ಹಿಡಿದು ಬಂಗಾರದ ಸಾಲದವರೆಗೆ ಎಲ್ಲವೂ ಈಗ ಕಂಪ್ಯೂಟರ್ ಮೇಲೆಯೇ. ಈ ಲೆಕ್ಕವೆಲ್ಲ ಇರುವ ಮುಖ್ಯ ಕಂಪ್ಯೂಟರ್, ಅಂದ್ರೆ ಸರ್ವರ್, ಅದನ್ನು ಕೆಲವು ವರ್ಷಕ್ಕೊಮ್ಮೆ ಬದಲಾಯಿಸುತ್ತಾರೆ, ಆ ದುಡ್ಡು ಸದಸ್ಯರದ್ದು. ಹೀಗಾಗಿ ಈ ವಿಷಯ ಪತ್ರಿಕೆಯಲ್ಲಿ ಬರಬೇಕು ಅನ್ನಿಸಿ ಬರೆಯುತ್ತಿದ್ದೇನೆ. ಇಂಥ ಸಂಘಗಳ ಸರ್ವರ್ ನೋಡಿಕೊಳ್ಳುವುದೇ ನನ್ನ ಕೆಲಸ, ಸರ್ವರ್ ಮಾರುವುದಲ್ಲ.

ಈಚೆಗೆ ಒಂದು ಸಂಘದವರು ಕೊಟೇಶನ್ ಕರೆದಿದ್ದರು. ಹೆಸರು ಬೇಡ. ಅದರಲ್ಲಿ ಮೊದಲ ಸಾಲೇ 'ಇಂಟೆಲ್ ಜಿಯಾನ್ ಪ್ರೊಸೆಸರ್ ಕಡ್ಡಾಯ' ಅಂತ. ಪ್ರೊಸೆಸರ್ ಅಂದ್ರೆ ಸರ್ವರ್‌ನ ಮಿದುಳು, ಜಿಯಾನ್ ಅಂದ್ರೆ ಇಂಟೆಲ್ ಕಂಪನಿಯ ಸರ್ವರ್ ಪ್ರೊಸೆಸರ್. ಎಷ್ಟು ಕೌಂಟರ್ ಇವೆ, ಖಾತೆಗಳ ಮಾಹಿತಿ ಕೂಡಿಟ್ಟ ಡೇಟಾಬೇಸ್ ಎಷ್ಟು ದೊಡ್ಡದು, ತಿಂಗಳ ಕೊನೆಗೆ ಬಡ್ಡಿ ಲೆಕ್ಕ ಹಾಕೋಕೆ ಈಗ ಎಷ್ಟು ಹೊತ್ತು ಹಿಡಿಯುತ್ತಿದೆ, ಯಾವುದೂ ಇಲ್ಲ. ಯಾಕೆ ಹೀಗೆ ಅಂತ ಕೇಳಿದರೆ ಕಾರ್ಯದರ್ಶಿಗಳು "ಹಿಂದಿನ ಠರಾವಿನಲ್ಲಿ ಹಾಗೇ ಇತ್ತು ಸರ್, ಅದನ್ನೇ ಟೈಪ್ ಮಾಡಿಸಿದೆವು" ಅಂದರು. ಇದು ಆ ಒಂದೇ ಸಂಘದ ಕತೆ ಅಲ್ಲ.

ಹಿಂದಿನವರು ಹಾಗೆ ಬರೆದದ್ದಕ್ಕೆ ಕಾರಣ ಇತ್ತು, ಅದನ್ನೂ ಹೇಳಬೇಕು. ಇಂಟೆಲ್‌ನ ಎದುರಾಳಿ ಕಂಪನಿ ಎಎಂಡಿಯವರು 2003ರಲ್ಲಿ ಆಪ್ಟೆರಾನ್ ಅನ್ನುವ ಸರ್ವರ್ ಪ್ರೊಸೆಸರ್ ತಂದಾಗ ಇಂಟೆಲ್‌ಗೇ ಬಿಸಿ ಮುಟ್ಟಿಸಿದ್ದರು. ಇವತ್ತು ಇಂಟೆಲ್, ಎಎಂಡಿ ಇಬ್ಬರೂ ಬಳಸುವ 64 ಬಿಟ್ ಎಕ್ಸ್86 ಅನ್ನುವ ಪ್ರೊಸೆಸರ್ ವಿನ್ಯಾಸ ಮೊದಲು ಬಂದದ್ದು ಅದರಲ್ಲೇ. ಆಮೇಲೆ ಅವರು ಹಿಂದೆ ಬಿದ್ದು, ಸುಮಾರು 2012ರಿಂದ 2017ರವರೆಗೆ ಸರ್ವರ್ ಪೇಟೆಯಲ್ಲಿ ಹೆಚ್ಚುಕಡಿಮೆ ಇಲ್ಲದಂತೆಯೇ ಆಗಿದ್ದರು. ಆಗ ಸರ್ವರ್ ಅಂದ್ರೆ ಜಿಯಾನ್, ಬೇರೆ ಮಾತೇ ಇಲ್ಲ. 2017ರ ಜೂನ್‌ನಲ್ಲಿ ಎಎಂಡಿಯ ಹೊಸ ಸರ್ವರ್ ಪ್ರೊಸೆಸರ್ ಎಪಿಕ್ ಬಂತು, 2019ರಲ್ಲಿ ಅದರ ಎರಡನೇ ತಲೆಮಾರು ಒಂದೇ ಪ್ರೊಸೆಸರಿನಲ್ಲಿ 64 ಕೋರ್, ಅಂದ್ರೆ ಏಕಕಾಲಕ್ಕೆ ಕೆಲಸ ಮಾಡುವ 64 ಘಟಕ, ಹೊತ್ತು ಬಂತು, ಆವಾಗಿನಿಂದ ಲೆಕ್ಕವೇ ಬದಲಾಯಿತು. ನಮ್ಮ ಠರಾವುಗಳು ಮಾತ್ರ ಬದಲಾಗಿಲ್ಲ.

ಈಗ ನಮ್ಮಂಥ ಸಣ್ಣ ಸಂಸ್ಥೆಗೆ ಹೊಂದುವ ಎರಡು ಪ್ರೊಸೆಸರ್ ಎದುರುಬದುರು ಇಟ್ಟು ನೋಡೋಣ. ಒಂದು ಇಂಟೆಲ್ ಜಿಯಾನ್ ಇ-2488, 2023ರ ಡಿಸೆಂಬರ್‌ನಲ್ಲಿ ಬಂದದ್ದು. ಇನ್ನೊಂದು ಎಎಂಡಿ ಎಪಿಕ್ 4464ಪಿ, 2024ರ ಮೇ ತಿಂಗಳದ್ದು. ಜಿಯಾನ್‌ನಲ್ಲಿ 8 ಕೋರ್, ಎಪಿಕ್‌ನಲ್ಲಿ 12. ಜಿಯಾನ್ ಓಡುವ ಗರಿಷ್ಠ ವೇಗ 5.6 ಗಿಗಾಹರ್ಟ್ಸ್, ಎಪಿಕ್‌ದು 5.4. ಕ್ಯಾಶ್, ಅಂದ್ರೆ ಪ್ರೊಸೆಸರ್ ಒಳಗಿನ ಚುರುಕಾದ ಮೆಮೊರಿ, ಜಿಯಾನ್‌ನಲ್ಲಿ 24 ಎಂಬಿ, ಎಪಿಕ್‌ನಲ್ಲಿ 64. ಜಿಯಾನ್ 95 ವ್ಯಾಟ್, ಎಪಿಕ್ 65 ವ್ಯಾಟ್. ರ‍್ಯಾಮ್ ಜಿಯಾನ್‌ಗೆ 128 ಜಿಬಿವರೆಗೆ, ಎಪಿಕ್‌ಗೆ 192 ಜಿಬಿವರೆಗೆ ಹಾಕಬಹುದು, ತಪ್ಪು ತಿದ್ದುವ ಇಸಿಸಿ ರ‍್ಯಾಮ್ ಎರಡರಲ್ಲೂ ನಡೆಯುತ್ತದೆ. ಬಿಡುಗಡೆಯಾದಾಗಿನ ಕಂಪನಿ ಪಟ್ಟಿ ಬೆಲೆ ಜಿಯಾನ್‌ಗೆ 606 ಡಾಲರ್, ಎಪಿಕ್‌ಗೆ 429.

ಇಷ್ಟು ಓದಿದವರು "ಮತ್ತೇನು, ಎಪಿಕ್ಕೇ ತಗೋಬೇಕು" ಅಂತಾರೆ. ಹಾಗೆ ಅವಸರ ಮಾಡಬೇಡಿ. ಮೊದಲ ತೊಡಕು ಸಾಫ್ಟ್‌ವೇರ್ ಲೈಸೆನ್ಸ್‌ದು, ದುಡ್ಡು ಸೋರುವುದು ಇಲ್ಲೇ ಜಾಸ್ತಿ. ಸರ್ವರ್ ಓಡಿಸುವ ಮೈಕ್ರೋಸಾಫ್ಟ್ ಸಾಫ್ಟ್‌ವೇರ್ ವಿಂಡೋಸ್ ಸರ್ವರ್ ಸ್ಟ್ಯಾಂಡರ್ಡ್‌ನ ಲೈಸೆನ್ಸ್ ಕೋರ್ ಲೆಕ್ಕದಲ್ಲಿ ಸಿಗುತ್ತದೆ, ಆದರೆ ಒಂದು ಸರ್ವರ್‌ಗೆ ಕನಿಷ್ಠ 16 ಕೋರ್‌ಗೆ ದುಡ್ಡು ಕಟ್ಟಲೇಬೇಕು. ನಿಮ್ಮ ಪ್ರೊಸೆಸರ್‌ನಲ್ಲಿ 8 ಇರಲಿ 12 ಇರಲಿ, ಕಟ್ಟೋದು 16ಕ್ಕೇ. ಅಂದ್ರೆ ವಿಂಡೋಸ್ ಮಟ್ಟಿಗೆ ಎಪಿಕ್‌ನ ಆ ನಾಲ್ಕು ಹೆಚ್ಚಿನ ಕೋರ್ ಪುಕ್ಕಟೆ. 16 ದಾಟಿ 24, 32 ಕೋರಿನದ್ದು ತಂದರೆ ಮಾತ್ರ ಲೈಸೆನ್ಸ್ ಖರ್ಚು ಏರುತ್ತದೆ. "ಮುಂದೆ ಬೇಕಾಗುತ್ತೆ, ದೊಡ್ಡದೇ ಇರಲಿ" ಅಂತ 32 ಕೋರಿನದ್ದು ಹೊತ್ತು ತಂದು, ಬೇಡದ ಕೋರ್‌ಗೂ ಲೈಸೆನ್ಸ್ ಕಟ್ಟಿದವರನ್ನು ನಾನು ನೋಡಿದ್ದೇನೆ.

ಡೇಟಾಬೇಸ್ ನಡೆಸುವ ಮೈಕ್ರೋಸಾಫ್ಟ್ ಸಾಫ್ಟ್‌ವೇರ್ ಎಸ್‌ಕ್ಯೂಎಲ್ ಸರ್ವರ್ ಬಂದರೆ ಆಟ ತಿರುಗಿ ಬೀಳುತ್ತದೆ. ಅದನ್ನು ಕೋರ್ ಲೆಕ್ಕದಲ್ಲಿ ಕೊಂಡರೆ 2022ರ ಸ್ಟ್ಯಾಂಡರ್ಡ್ ಆವೃತ್ತಿಯ ಪಟ್ಟಿ ಬೆಲೆ ಎರಡು ಕೋರ್‌ಗೆ 3,945 ಡಾಲರ್. 8 ಕೋರ್‌ಗೆ 15,780 ಆಯಿತು, 12 ಕೋರ್‌ಗೆ 23,670. ಪ್ರೊಸೆಸರ್‌ನಲ್ಲಿ 177 ಡಾಲರ್ ಉಳಿಸಿದೆವು ಅಂತ ಬೀಗಿದವರು ಲೈಸೆನ್ಸ್‌ನಲ್ಲಿ 7,890 ಡಾಲರ್ ಹೆಚ್ಚು ಕಟ್ಟಿದಂತಾಯಿತು! ಒಂದು ವರ್ಚುವಲ್ ಮಷೀನ್‌ಗೆ (ಒಂದೇ ಸರ್ವರ್ ಒಳಗೆ ಸಾಫ್ಟ್‌ವೇರ್‌ನಿಂದ ಮಾಡಿದ ಬೇರೆ ಕಂಪ್ಯೂಟರ್) ನಾಲ್ಕೇ ಕೋರ್ ಕೊಟ್ಟು ಅಷ್ಟಕ್ಕೆ ಮಾತ್ರ ಲೈಸೆನ್ಸ್ ತೆಗೆದುಕೊಳ್ಳುವ ದಾರಿ ಇದೆ, ಆದರೆ 2022ರ ಆವೃತ್ತಿಯಿಂದ ಅದಕ್ಕೆ ಸಾಫ್ಟ್‌ವೇರ್ ಅಶ್ಯೂರೆನ್ಸ್ ಅನ್ನುವ ಮೈಕ್ರೋಸಾಫ್ಟ್‌ನ ಹೆಚ್ಚುವರಿ ಒಪ್ಪಂದ ಅಥವಾ ಚಂದಾ ಬೇಕು. ಸಣ್ಣ ಕಚೇರಿಗೆ ಕೋರ್ ಲೆಕ್ಕ ಬಿಟ್ಟು, ಸರ್ವರ್‌ಗೊಂದು ಮತ್ತು ಬಳಸುವವರ ತಲೆಗೊಂದು ಅನ್ನುವ ಲೈಸೆನ್ಸ್ ಅಗ್ಗ ಬೀಳಬಹುದು. ಪುಕ್ಕಟೆ ಸಿಗುವ ಪೋಸ್ಟ್‌ಗ್ರೆಸ್ ಡೇಟಾಬೇಸ್ ಮೇಲೆ ಓಡುವ ಸಾಫ್ಟ್‌ವೇರ್ ಆದರೆ ಈ ಗೋಳೇ ಇಲ್ಲ.

ಇನ್ನು ಬಹಳ ಸಂಘಗಳಲ್ಲಿ ಪುಕ್ಕಟೆ ಸಿಗುವ ಎಸ್‌ಕ್ಯೂಎಲ್ ಎಕ್ಸ್‌ಪ್ರೆಸ್ ಓಡುತ್ತಿರುತ್ತದೆ. ಅದು ನಾಲ್ಕು ಕೋರ್‌ಗಿಂತ ಹೆಚ್ಚು ಬಳಸುವುದೇ ಇಲ್ಲ! 2022ರ ಆವೃತ್ತಿಯವರೆಗೆ ಒಂದು ಡೇಟಾಬೇಸ್ 10 ಜಿಬಿ ದಾಟುವಂತೆಯೂ ಇಲ್ಲ. ಅಂಥಲ್ಲಿ 12 ಕೋರ್ ತಂದು ಕೂಡಿಸಿದರೆ ಡೇಟಾಬೇಸ್‌ಗೆ ಏನೂ ಲಾಭ ಇಲ್ಲ, ಎಂಟು ಎತ್ತಿನ ಬಂಡಿಗೆ ಎರಡು ಚೀಲ ಜೋಳ ಹೇರಿದ ಹಾಗೆ.

ಅಂದ್ರೆ ಜಿಯಾನ್ ಗೆದ್ದಿತಾ? ಅದೂ ಅಲ್ಲ. ನಿಮಗೆ ಎಂಟೇ ಕೋರ್ ಸಾಕು ಅಂತ ಗೊತ್ತಾದರೆ ಎಂಟು ಕೋರಿನದ್ದನ್ನು ಎಂಟು ಕೋರಿನದ್ದರ ಜೊತೆ ಹೋಲಿಸಬೇಕು. ಅದೇ ಎಪಿಕ್ ಸಾಲಿನಲ್ಲಿ 4344ಪಿ ಅಂತ ಇದೆ, 8 ಕೋರ್, 5.3 ಗಿಗಾಹರ್ಟ್ಸ್‌ವರೆಗೆ, 65 ವ್ಯಾಟ್, ಪಟ್ಟಿ ಬೆಲೆ 329 ಡಾಲರ್. ಜಿಯಾನ್‌ದು 606 ಅಂತ ಆಗಲೇ ಹೇಳಿದೆ. ವೇಗದಲ್ಲಿ ಇಷ್ಟು ಚಿಕ್ಕ ಅಂತರಕ್ಕೆ ಬೆಲೆಯಲ್ಲಿ ಅಷ್ಟು ದೊಡ್ಡ ಅಂತರ. ಬರೀ ಪ್ರೊಸೆಸರ್ ನೋಡಿದರೆ ನನ್ನ ಮತ ಎಪಿಕ್‌ಗೇ.

ಆದರೆ ನಾವು ಬರೀ ಪ್ರೊಸೆಸರ್ ಕೊಳ್ಳುವುದಿಲ್ಲವಲ್ಲ, ಪೂರ್ತಿ ಡಬ್ಬಿ ಕೊಳ್ಳುತ್ತೇವೆ. ಡೆಲ್‌ನ ಆರ್260, ಎಚ್‌ಪಿಇಯ ಡಿಎಲ್20 ಜೆನ್11 ಇವೆಲ್ಲ ಜಿಯಾನ್ ಇ ಸಾಲಿಗೆ ಮಾಡಿದ ಸರ್ವರ್‌ಗಳು. ಮೇಲೆ ಹೇಳಿದ ಎರಡೂ ಎಪಿಕ್ ಸೇರಿರುವ 4004 ಸಾಲಿಗೆ ಲೆನೊವೊ ಎಸ್‌ಟಿ45 ವಿ3 ಇದೆ, ಸೂಪರ್‌ಮೈಕ್ರೋದಂಥವರ ಬೋರ್ಡ್‌ಗಳಿವೆ. ಬೆಂಗಳೂರಿನಲ್ಲಿ ಯಾವುದು ಬೇಕಾದರೂ ಸಿಗುತ್ತದೆ. ಬನಹಟ್ಟಿಯಲ್ಲಿ ಶನಿವಾರ ಮಧ್ಯಾಹ್ನ ಮದರ್‌ಬೋರ್ಡ್ ಕೈಕೊಟ್ಟರೆ ಎಂಜಿನಿಯರ್ ಹುಬ್ಬಳ್ಳಿಯಿಂದ ಬರ್ತಾರಾ, ಬೆಂಗಳೂರಿನಿಂದ ಬರ್ತಾರಾ, ಬದಲಿ ಬೋರ್ಡ್ ಜೊತೆಗೆ ತರ್ತಾರಾ ಅಥವಾ ಸುಮ್ನೆ ನೋಡಿ ಹೋಗಿ ಸೋಮವಾರ ಕಳಿಸ್ತೀವಿ ಅಂತಾರಾ? ಇದನ್ನು ಬರವಣಿಗೆಯಲ್ಲಿ ಕೊಡುವವರ ಸರ್ವರ್ ಸ್ವಲ್ಪ ದುಬಾರಿ ಆದರೂ ನಾನು ಅದನ್ನೇ ತಗೋಳಿ ಅಂತೀನಿ, ಒಳಗೆ ಯಾವ ಪ್ರೊಸೆಸರ್ ಇದ್ದರೂ ಸರಿ. ಎರಡು ದಿನ ಕೌಂಟರ್ ಬಂದ್ ಆದರೆ ಪ್ರೊಸೆಸರ್‌ನಲ್ಲಿ ಉಳಿಸಿದ್ದು ಎಲ್ಲಿ ಹೋಯಿತು ಅಂತ ಗೊತ್ತೂ ಆಗುವುದಿಲ್ಲ.

ಈಗಾಗಲೇ ಎರಡು ಇಂಟೆಲ್ ಸರ್ವರ್ ಜೋಡಿಸಿಕೊಂಡು ವರ್ಚುವಲ್ ಮಷೀನ್ ಓಡಿಸುವ ದೊಡ್ಡ ಸಂಸ್ಥೆಗಳು ಇನ್ನೊಂದು ಮಾತು ನೆನಪಿಡಬೇಕು. ಓಡುತ್ತಿರುವ ಮಷೀನನ್ನು ನಿಲ್ಲಿಸದೆ ಇಂಟೆಲ್‌ನಿಂದ ಎಎಂಡಿಗೆ ದಾಟಿಸಲು ಆಗುವುದಿಲ್ಲ. ಬಂದ್ ಮಾಡಿ, ಸಾಗಿಸಿ, ಮತ್ತೆ ಶುರು ಮಾಡಬೇಕು. ಮೂರನೆಯದನ್ನು ಅದೇ ಗುಂಪಿಗೆ ಸೇರಿಸುವುದಾದರೆ ಇಂಟೆಲ್ ಬರೆಯುವುದಕ್ಕೆ ಅರ್ಥ ಇದೆ, ಅಲ್ಲಿ ನನ್ನ ತಕರಾರಿಲ್ಲ.

ಕರೆಂಟ್ ಬಿಲ್ ಬಗ್ಗೆ ಮಾರುವವರು ಬಹಳ ಮಾತಾಡುತ್ತಾರೆ. 95ಕ್ಕೂ 65ಕ್ಕೂ 30 ವ್ಯಾಟ್ ವ್ಯತ್ಯಾಸ. ವರ್ಷಪೂರ್ತಿ ಹಗಲೂರಾತ್ರಿ ಪೂರ್ತಿ ಭಾರದಲ್ಲಿ ಓಡಿದರೂ ಸುಮಾರು 263 ಯೂನಿಟ್. ನಮ್ಮ ಸರ್ವರ್‌ಗಳು ಸಂಜೆ ಆರರ ಮೇಲೆ ನಿದ್ದೆ ಹೊಡೆಯುತ್ತವೆ, ಹೀಗಾಗಿ ನಿಜವಾದ ಉಳಿತಾಯ ಅದಕ್ಕಿಂತ ಬಹಳ ಕಡಿಮೆ. ಮೇಲಾಗಿ ಡಬ್ಬಿ ಮೇಲೆ ಬರೆದ ವ್ಯಾಟ್ ಅಂದ್ರೆ ಗರಿಷ್ಠ ಅಲ್ಲ, ಜೋರಾಗಿ ಓಡುವಾಗ ಎರಡೂ ಅದನ್ನು ದಾಟುತ್ತವೆ. ಹೆಸ್ಕಾಂ ಬಿಲ್ ನೋಡಿ ಪ್ರೊಸೆಸರ್ ಆರಿಸಬೇಕಾದ ಗತಿ ಒಂದು ಸರ್ವರ್ ಇಟ್ಟವರಿಗೆ ಬಂದಿಲ್ಲ. ಅಗ್ಗ ಅಂತ ಹಳೆಯ ಸರ್ವರ್ ಕೊಳ್ಳುವವರಿಗೆ ಮಾತ್ರ ಇದು ಲೆಕ್ಕಕ್ಕೆ ಬರುತ್ತದೆ. 2016ರ ಜಿಯಾನ್ ಇ5-2680 ವಿ4 ಎರಡು ಕೂಡಿಸಿದ ಡಬ್ಬಿಗಳು ಈಗ ಕಡಿಮೆ ಬೆಲೆಗೆ ಸಿಗುತ್ತವೆ. ಒಟ್ಟು 28 ಕೋರ್ ಅಂತ ಕೇಳಲು ಚೆಂದ. ಪ್ರೊಸೆಸರ್ ಎರಡೇ 240 ವ್ಯಾಟ್‌ನವು, ವಿಂಡೋಸ್ ಲೈಸೆನ್ಸ್ 28 ಕೋರ್‌ಗೆ ಕಟ್ಟಬೇಕು, ಜೊತೆಗೆ ಏಪ್ರಿಲ್-ಮೇ ಸೆಕೆಯಲ್ಲಿ ಆ ಬಿಸಿಗೆ ಏಸಿಯೂ ಬೇಕು, ಯುಪಿಎಸ್ಸೂ ದೊಡ್ಡದು ಬೇಕು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು ಬಿಚ್ಚಿ ಹೇಳಬೇಕು. 'ಸರ್ವರ್ ಸ್ಲೋ ಆಗಿದೆ' ಅಂತ ನನ್ನನ್ನು ಕರೆಸುವ ಕಡೆ ಬಹಳ ಸಲ ತಪ್ಪು ಪ್ರೊಸೆಸರ್‌ದ್ದೇ ಅಲ್ಲ. ಪ್ರೊಸೆಸರ್ ಹತ್ತು ಪರ್ಸೆಂಟ್‌ನಲ್ಲಿ ಆಕಳಿಸುತ್ತಾ ಕೂತಿರುತ್ತದೆ, ಹಳೆಯ ತಿರುಗುವ ಹಾರ್ಡ್ ಡಿಸ್ಕ್ ಮಾತ್ರ ಏದುಸಿರು ಬಿಡುತ್ತಿರುತ್ತದೆ. ಅಂಥ ಡಿಸ್ಕ್ ಸೆಕೆಂಡಿಗೆ ನೂರು-ಇನ್ನೂರು ಸಣ್ಣ ಓದು-ಬರಹದ ಕೆಲಸ ಮಾಡಿದರೆ, ತಿರುಗುವ ಭಾಗವೇ ಇಲ್ಲದ ಎನ್‌ವಿಎಂಇ ಎಸ್‌ಎಸ್‌ಡಿ ಹತ್ತಾರು ಸಾವಿರಕ್ಕಿಂತಲೂ ಹೆಚ್ಚು ಮಾಡುತ್ತದೆ. ಹೀಗಿರುವಾಗ ಹೊಸ ಪ್ರೊಸೆಸರ್ ತಂದು ಹಳೆ ಡಿಸ್ಕನ್ನೇ ಅದಕ್ಕೆ ಜೋಡಿಸಿದರೆ ಕೌಂಟರ್ ಮುಂದಿನ ಸಾಲು ಕರಗುವುದಿಲ್ಲ. ರ‍್ಯಾಮ್‌ದೂ ಅದೇ ಹಾಡು. ಮೇಲೆ ಹೋಲಿಸಿದ ಜಿಯಾನ್, ಎಪಿಕ್ ಎರಡೂ ಪ್ರೊಸೆಸರ್‌ಗಳಿಗೆ ರ‍್ಯಾಮ್ ದಾರಿ ಎರಡು. 32 ಜಿಬಿಯ ಒಂದೇ ಪಟ್ಟಿ ಹಾಕಿದರೆ ಒಂದು ದಾರಿ ಖಾಲಿ ಉಳಿಯುತ್ತದೆ. 16ರ ಎರಡು ಹಾಕಿಸಬೇಕು. ಕೊಟೇಶನ್‌ನಲ್ಲಿ 'ರ‍್ಯಾಮ್ 32 ಜಿಬಿ' ಅಂತಷ್ಟೇ ಇದ್ದರೆ ಒಂದೇ ಪಟ್ಟಿ ಬರುವ ಸಾಧ್ಯತೆ ಜಾಸ್ತಿ, ಅಲ್ವಾ?

ಬಡ್ಡಿ ಲೆಕ್ಕ ಹಾಕುವಂಥ ಕೆಲಸ ಬಹಳ ಸಾಫ್ಟ್‌ವೇರ್‌ಗಳಲ್ಲಿ ಒಂದೇ ಕೋರ್ ಮೇಲೆ ಸಾಲಾಗಿ ನಡೆಯುತ್ತದೆ. ಅಲ್ಲಿ 8 ಕೋರ್, 12 ಕೋರ್ ಅನ್ನುವ ಲೆಕ್ಕ ಉಪಯೋಗಕ್ಕೆ ಬರುವುದಿಲ್ಲ, ಒಂದೊಂದು ಕೋರ್ ಎಷ್ಟು ಚುರುಕು ಅನ್ನುವುದೇ ಮುಖ್ಯ. ಆ ವಿಷಯದಲ್ಲಿ ಜಿಯಾನ್ ಇ-2488, ಎಪಿಕ್ 4464ಪಿ ಎರಡೂ ಹತ್ತಿರ ಹತ್ತಿರ ಇವೆ. ಹೆಚ್ಚು ಕೋರ್ ಬೇಕಾಗುವುದು ಒಂದೇ ಡಬ್ಬಿಯಲ್ಲಿ ಡೇಟಾಬೇಸ್, ಮೊಬೈಲ್ ಆ್ಯಪ್, ಬ್ಯಾಕಪ್, ಮೂರ್ನಾಲ್ಕು ವರ್ಚುವಲ್ ಮಷೀನ್ ಎಲ್ಲ ಒಟ್ಟಿಗೆ ಓಡಿಸುವವರಿಗೆ. ಅವರಿಗೆ 4464ಪಿ ನಿಜಕ್ಕೂ ಒಳ್ಳೆಯ ಬೆಲೆಗೆ ಒಳ್ಳೆಯ ವಸ್ತು.

ಹಾಗಾಗಿ ಆಡಳಿತ ಮಂಡಳಿಯವರಲ್ಲಿ ನನ್ನ ವಿನಂತಿ ಸರಳವಾದದ್ದು. ಕೊಟೇಶನ್‌ನಲ್ಲಿ ನಿಮ್ಮ ಕೆಲಸ ಬರೆಯಿರಿ: ಎಷ್ಟು ಕೌಂಟರ್, ಎಷ್ಟು ಶಾಖೆ, ಡೇಟಾಬೇಸ್ ಯಾವುದು, ಎಷ್ಟು ಜಿಬಿ, ತಿಂಗಳ ಕೊನೆಯ ಕೆಲಸ ಎಷ್ಟು ನಿಮಿಷದಲ್ಲಿ ಮುಗಿಯಬೇಕು. ಪ್ರೊಸೆಸರ್, ರ‍್ಯಾಮ್, ಡಿಸ್ಕ್, ಲೈಸೆನ್ಸ್, ಐದು ವರ್ಷದ ವಾರಂಟಿ, ಜಿಎಸ್‌ಟಿ ಬೇರೆ ಬೇರೆ ಸಾಲಿನಲ್ಲಿ ಕೊಡಲು ಹೇಳಿ. ಇಂಟೆಲ್‌ದೊಂದು, ಎಎಂಡಿದೊಂದು ಎರಡೂ ದರ ಕೇಳಿ. ಆಗುವುದಾದರೆ ನಿಮ್ಮದೇ ಡೇಟಾದ ನಕಲು ಹಾಕಿ, ಖಾತೆದಾರರ ಹೆಸರು-ಫೋನ್ ನಂಬರ್ ತೆಗೆದುಹಾಕಿ, ಡೆಮೊ ಮಷೀನ್ ಮೇಲೆ ಬಡ್ಡಿ ಲೆಕ್ಕ ಓಡಿಸಿ ಗಡಿಯಾರ ನೋಡಿ. ಮಾರುವವರು ತೋರಿಸುವ ಬಣ್ಣದ ಗ್ರಾಫ್‌ಗಿಂತ ಅದೇ ನಂಬಿಕೆಗೆ ಯೋಗ್ಯ.

ಸದಸ್ಯರಿಗೂ ಒಂದು ಮಾತು. ವಾರ್ಷಿಕ ಸಾಮಾನ್ಯ ಸಭೆಗೆ ಹೋಗಿ ಊಟ ಮಾಡಿ ಬರುವ ಬದಲು, ಈ ವರ್ಷ ಗಣಕಯಂತ್ರ ಖರೀದಿ ಅಂತ ಖರ್ಚು ಕಂಡರೆ ಎದ್ದು ನಿಂತು ಆ ಕೊಟೇಶನ್‌ಗಳನ್ನು ತೋರಿಸಿ ಅಂತ ಕೇಳಿ.

— ಒಬ್ಬ ಓದುಗ, ನವನಗರ, ಬಾಗಲಕೋಟೆ