ಮನ್ಸೂರ್ಯಾನ್ ಲೇಖನದ ಬಗ್ಗೆ ತಂಗಿಗೊಂದು ಪತ್ರ

ಪ್ರೀತಿಯ ತಂಗಿ,

ನಿನ್ನ ಲೇಖನ ಮೊನ್ನೆ ಕೈಸೇರಿತು. ಎರಡು ಸಲ ಓದಿದೆ. ಮೊದಲ ಪುಟದ ತುಂಬ ಅರ್ಮೇನಿಯಾದ ಸಂಗೀತ ಸಂಯೋಜಕ ತಿಗ್ರಾನ್ ಮನ್ಸೂರ್ಯಾನ್ ಅವರ ಜಾತಕವೇ ಇದೆ: 1939ರಲ್ಲಿ ಬೈರೂತಿನಲ್ಲಿ ಹುಟ್ಟು, 1947ರಲ್ಲಿ ಮನೆಮಂದಿಯೊಂದಿಗೆ ಸೋವಿಯತ್ ಅರ್ಮೇನಿಯಾಕ್ಕೆ ವಲಸೆ, ಆರ್ತಿಕ್ ಎಂಬ ಊರು, ಆಮೇಲೆ ಯೆರೆವಾನಿನ ಸಂಗೀತ ವಿದ್ಯಾಲಯ, ಅಲ್ಲಿಯೇ ಮೇಷ್ಟರಿಕೆ. ಒಂದೂ ತಪ್ಪಿಲ್ಲ. ಆದರೆ ಒಂದು ಸ್ವರವೂ ಕೇಳಿಸಲಿಲ್ಲ.

ಎರಡನೆಯ ಪುಟದಲ್ಲಿ ‘ಮನಮೋಹಕ’ ನಾಲ್ಕು ಬಾರಿ, ‘ಹೃದಯಸ್ಪರ್ಶಿ’ ಮೂರು ಬಾರಿ ಬಂದಿವೆ. ಪೆನ್ಸಿಲ್ ಹಿಡಿದು ಎಣಿಸಿದ್ದೇನೆ. ಕೋಪ ಬೇಡ, ನಿನ್ನ ವಯಸ್ಸಿನಲ್ಲಿ ನಾನು ‘ಗಂಧರ್ವ’ನನ್ನು ಕಂಡಕಂಡಲ್ಲಿ ತುರುಕುತ್ತಿದ್ದೆ. ಇಂಥ ಪದಗಳು ಯಾವ ಸಂಗೀತಗಾರನಿಗೆ ಅಂಟಿಸಿದರೂ ಅಂಟಿಕೊಳ್ಳುತ್ತವೆ, ಅದೇ ತೊಂದರೆ. ನಡುವೆ ನಮ್ಮ ತೋಡಿ ರಾಗವನ್ನೂ ಎಳೆದು ತಂದಿದ್ದೀಯ. ತೆಗೆದುಹಾಕು. ಓದುಗನ ಕಿವಿಯಲ್ಲಿ ತೋಡಿ ಬಂದು ಕುಳಿತರೆ ಅರ್ಮೇನಿಯಾಕ್ಕೆ ಜಾಗವಿರುವುದಿಲ್ಲ.

ನೀನು ಒಂದೇ ವಾಕ್ಯದಲ್ಲಿ ದಾಟಿಹೋದ ‘ಹಯ್ರೆನ್’ ಧ್ವನಿಮುದ್ರಿಕೆಗೆ ವಾಪಸು ಹೋಗು. 2003ರಲ್ಲಿ ಬಂದದ್ದು. ಕಿಮ್ ಕಷ್ಕಶಿಯಾನ್ ನುಡಿಸಿದ ವಯೋಲಾ ಇದೆ, ಪಿಟೀಲಿಗಿಂತ ತುಸು ದೊಡ್ಡ ತಂತಿವಾದ್ಯ. ಅದರ ಜೊತೆಗೆ ಮನ್ಸೂರ್ಯಾನ್ ತಾವೇ ಪಿಯಾನೋ ಮುಂದೆ ಕುಳಿತು ಕೋಮಿತಾಸರ ಹಾಡುಗಳನ್ನು ಹಾಡುತ್ತಾರೆ. ಆಗ ಅವರಿಗೆ ಅರವತ್ತು ದಾಟಿತ್ತು. ಪಳಗಿದ ಗಾಯಕನ ಗಂಟಲಲ್ಲ ಅದು. ಒಡಕು ದನಿ, ಮನೆಯಲ್ಲಿ ಯಾರೂ ಇಲ್ಲವೆಂದುಕೊಂಡು ಅಜ್ಜನೊಬ್ಬ ತನ್ನಷ್ಟಕ್ಕೆ ಹಾಡಿಕೊಂಡಂತಿದೆ. ನಿನ್ನ ಲೇಖನ ಶುರುವಾಗಬೇಕಾದದ್ದು ಆ ದನಿಯಿಂದ. ಆಗ ಓದುಗನೇ ಕೇಳುತ್ತಾನೆ: ಯಾರ ಹಾಡಿದು? ಹಳ್ಳಿಹಳ್ಳಿ ಅಲೆದು ಜನಪದ ಹಾಡುಗಳನ್ನು ಬರೆದುಕೊಂಡ ಪಾದ್ರಿ ಕೋಮಿತಾಸ್, 1915ರ ಏಪ್ರಿಲ್ 24ರಂದು ಆಟೊಮನ್ ತುರ್ಕಿ ಸರ್ಕಾರದಿಂದ ಬಂಧಿತರಾಗಿ ಗಡಿಪಾರಾದವರು, ಜೀವ ಉಳಿದರೂ ಮನಸ್ಸು ಚೇತರಿಸಿಕೊಳ್ಳದೆ 1935ರಲ್ಲಿ ಪ್ಯಾರಿಸಿನಲ್ಲಿ ತೀರಿಕೊಂಡವರು ಎಂದು ಅಲ್ಲಿ ಹೇಳು. ಇಸವಿಗಳಿಗೆ ಆಗ ಕೆಲಸ ಸಿಗುತ್ತದೆ.

ನಿರ್ದೇಶಕ ಪರಾಜನೋವ್ ಅವರ ಸಿನಿಮಾಕ್ಕೆ ಮನ್ಸೂರ್ಯಾನ್ ಮಾಡಿದ ಸಂಗೀತಕ್ಕೆ ನೀನು ಕೊಟ್ಟಿರುವ ಮೂರು ಪ್ಯಾರಾ ಒಂದಾಗಲಿ. ಉಳಿಯುವ ಜಾಗ ಅವರ ‘ರಿಕ್ವಿಯಮ್’ಗೆ, ಅಂದರೆ ಸತ್ತವರಿಗಾಗಿ ಹಾಡುವ ಪ್ರಾರ್ಥನೆಗೆ, ಬೇಕು. ಅದೇ 1915ರಲ್ಲಿ ಶುರುವಾದ ಅರ್ಮೇನಿಯನ್ ನರಮೇಧದಲ್ಲಿ ಸತ್ತವರ ನೆನಪಿಗೆ 2011ರಲ್ಲಿ ರಚಿಸಿದ ಕೃತಿ. ಪದಗಳು ಲ್ಯಾಟಿನ್, ರಾಗದ ನಡಿಗೆ ಅರ್ಮೇನಿಯನ್ ಚರ್ಚಿನದು. ‘ಭವ್ಯ’ ಎಂದು ಬರೆದು ಮುಗಿಸಿದ್ದೀಯಲ್ಲ, ಅಲ್ಲಿ ಯಾವ ವಾದ್ಯಗಳಿವೆ ಎಂದು ಗಮನಿಸಿದೆಯಾ? ಹಾಡುವವರು ಮತ್ತು ತಂತಿವಾದ್ಯಗಳು, ಅಷ್ಟೇ. ತುತ್ತೂರಿಯಿಲ್ಲ, ನಗಾರಿಯಿಲ್ಲ. ಲಕ್ಷಾಂತರ ಜನರ ಸಾವಿಗೆ ಒಂದು ನಗಾರಿಯನ್ನೂ ಬಾರಿಸದ ಮನುಷ್ಯ! ನನಗಾದರೆ ಇದೊಂದರ ಮೇಲೆಯೇ ಒಂದು ಪುಟ ಬೇಕು.

ತಿದ್ದಿದ ಪ್ರತಿ ಯಾವಾಗ ಕಳಿಸುತ್ತೀಯ? ಪೆನ್ಸಿಲ್ ಚೂಪು ಮಾಡಿಟ್ಟಿದ್ದೇನೆ.

ಇಂತಿ,
ನಿನ್ನ ಅಣ್ಣ