ರಜೆ ಬೇರೆ, ರಾಜೀನಾಮೆ ಬೇರೆ: ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ಅಳಿಯಂದಿರಿಗೆ ಮೂರು ವರ್ಷಕ್ಕೆ ಹೊರದೇಶದಲ್ಲಿ ಪೋಸ್ಟಿಂಗ್ ಆಗಿದೆ ಅಂತ ಕೇಳಿ ತುಂಬ ಖುಷಿಯಾಯಿತು. ಆದರೆ ಫೋನ್ ಇಡುವ ಮುಂಚೆ ನೀನು ಒಂದು ಮಾತು ಹೇಳಿದೆ. 'ನಾನು ಸುಮ್ನೆ ರಾಜೀನಾಮೆ ಕೊಟ್ಟುಬಿಡ್ತೀನಿ ಅಮ್ಮ, ಅಷ್ಟು ದೊಡ್ಡ ಹುದ್ದೆ ಅವರದು.' ಎರಡು ದಿನದಿಂದ ಅದೇ ಮಾತು ತಲೆ ಕೊರೆಯುತ್ತಿದೆ. ಫೋನಿನಲ್ಲಿ ಹೇಳಹೋದರೆ ನನಗೆ ಅಳು ಬರುತ್ತದೆ, ನೀನು ಮಾತು ಬದಲಾಯಿಸುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ನಿನಗೆ ಒಬ್ಬರ ವಿಷಯ ಹೇಳಬೇಕು. ಎಲ್ಕೆ ಬ್ಯೂಡೆನ್‌ಬೆಂಡರ್ ಅಂತ. 2017ರಲ್ಲಿ ಜರ್ಮನಿಯ ರಾಷ್ಟ್ರಪತಿ ಆದ ಫ್ರಾಂಕ್-ವಾಲ್ಟರ್ ಸ್ಟೈನ್‌ಮಯರ್ ಅವರ ಹೆಂಡತಿ. ಅಲ್ಲಿ ಆಡಳಿತವೆಲ್ಲ ಚಾನ್ಸಲರ್, ಅಂದರೆ ನಮ್ಮ ಪ್ರಧಾನಿಯಂಥವರ ಕೈಯಲ್ಲಿ. ರಾಷ್ಟ್ರಪತಿ ಕಾನೂನಿಗೆ ಸಹಿ ಹಾಕುತ್ತಾರೆ, ಬೇರೆ ದೇಶದವರನ್ನು ಬರಮಾಡಿಕೊಳ್ಳುತ್ತಾರೆ, ಕಷ್ಟಕಾಲದಲ್ಲಿ ದೇಶದ ಪರವಾಗಿ ನಾಲ್ಕು ಮಾತಾಡುತ್ತಾರೆ. ಮಾನ ದೊಡ್ಡದು, ಅಧಿಕಾರ ಕಡಿಮೆ. ಇನ್ನು ಅವರ ಹೆಂಡತಿಯ ಬಗ್ಗೆ ಆ ದೇಶದ ಸಂವಿಧಾನದಲ್ಲಿ ಒಂದಕ್ಷರವೂ ಇಲ್ಲ. ಹುದ್ದೆ ಅಲ್ಲ, ಸಂಬಳ ಇಲ್ಲ. ಆದರೂ ಕೈತುಂಬ ಕೆಲಸ. ಗಂಡನ ಜೊತೆ ದೇಶ ವಿದೇಶ ಸುತ್ತಬೇಕು, ಯುನಿಸೆಫ್‌ನ ಜರ್ಮನಿ ಶಾಖೆಗೆ ಪೋಷಕರಾಗಿರಬೇಕು, ಬಂದ ಕಾಗದಗಳಿಗೆ ಉತ್ತರ ಕೊಡಬೇಕು.

ಎಲ್ಕೆ ಹುಟ್ಟಿದ್ದು 1962ರಲ್ಲಿ, ಪಶ್ಚಿಮ ಜರ್ಮನಿಯ ಸೀಗರ್‌ಲಾಂಡ್ ಕಡೆಯ ಒಂದು ಹಳ್ಳಿಯಲ್ಲಿ. ಅಪ್ಪ ಮರಗೆಲಸದವರು. ಶಾಲೆ ಮುಗಿಸಿ ಸೀದಾ ಕಾಲೇಜಿಗೆ ಹೋದವರಲ್ಲ. ಮೊದಲು ಕಂಪನಿಯ ಲೆಕ್ಕಪತ್ರ, ವ್ಯವಹಾರದ ಕೆಲಸದಲ್ಲಿ ತರಬೇತಿ ತಗೊಂಡರು. ಆಮೇಲೆ, ವಯಸ್ಸಾದ ಮೇಲೂ ಕಾಲೇಜಿಗೆ ಸೇರಲು ಬೇಕಾದ ಪರೀಕ್ಷೆ ಬರೆಯಬಹುದಾದ ಒಂದು ಸಂಸ್ಥೆಯಲ್ಲಿ ಓದಿ ಪಾಸಾದರು. ಅದಾದ ಮೇಲೆ ಗೀಸನ್ ವಿಶ್ವವಿದ್ಯಾಲಯದಲ್ಲಿ ಕಾನೂನು. ಸ್ಟೈನ್‌ಮಯರ್ ಸಿಕ್ಕಿದ್ದೂ ಅಲ್ಲೇ. ಓದು ಮುಗಿಸಿ ನ್ಯಾಯಾಧೀಶೆ ಆದರು. ಹೀಗೆ ಸುತ್ತುಬಳಸಿ ಮೇಲೆ ಬಂದವರಿಗೆ ತಮ್ಮ ಕೆಲಸದ ಬೆಲೆ ಚೆನ್ನಾಗಿ ಗೊತ್ತಿರುತ್ತದೆ. ರಾಷ್ಟ್ರಪತಿಯ ಹೆಂಡತಿ ಆದ ಮೇಲೂ ಅವರು ಜಾಸ್ತಿ ಮಾತಾಡಿದ ವಿಷಯಗಳಲ್ಲಿ ಒಂದು ಇದೇ: ಡಿಗ್ರಿ ಒಂದೇ ದಾರಿಯಲ್ಲ, ಕೈಕೆಲಸ ಕಲಿತವರಿಗೂ ಅಷ್ಟೇ ಮರ್ಯಾದೆ ಸಿಗಬೇಕು ಅನ್ನೋದು.

ಅವರು ಬರ್ಲಿನ್‌ನಲ್ಲಿ ಕೆಲಸ ಮಾಡುತ್ತಿದ್ದುದು ಆಡಳಿತ ನ್ಯಾಯಾಲಯದಲ್ಲಿ. ಸರ್ಕಾರಿ ಕಚೇರಿಯ ತೀರ್ಮಾನ ತಪ್ಪು ಅನ್ನಿಸಿದರೆ ಜನ ಹೋಗುವ ಕೋರ್ಟು ಅದು. ಮನೆ ಕಟ್ಟಲು ಪರವಾನಗಿ ಕೊಡಲಿಲ್ಲ, ಆಶ್ರಯ ಕೇಳಿ ಬಂದವರ ಅರ್ಜಿ ತಿರಸ್ಕರಿಸಿದರು, ಇಂಥವು. ಒಂದು ಕಡೆ ಒಬ್ಬ ಸಾಮಾನ್ಯ ಮನುಷ್ಯ, ಇನ್ನೊಂದು ಕಡೆ ಇಡೀ ಸರ್ಕಾರ.

ನಡುವೆ 2010 ಬಂತು. ಎಲ್ಕೆ ಅವರ ಕಿಡ್ನಿ ಕೈಕೊಟ್ಟಿತ್ತು. ಸ್ಟೈನ್‌ಮಯರ್ ಆಗ ಸಂಸತ್ತಿನಲ್ಲಿ ವಿರೋಧ ಪಕ್ಷದ ನಾಯಕರು. ಆಗಸ್ಟ್‌ನಲ್ಲಿ ಪತ್ರಕರ್ತರ ಮುಂದೆ ಬಂದು, ಹೆಂಡತಿಗೆ ನನ್ನ ಒಂದು ಕಿಡ್ನಿ ಕೊಡುತ್ತಿದ್ದೇನೆ, ಕೆಲವು ವಾರ ರಾಜಕೀಯದಲ್ಲಿ ಇರೋದಿಲ್ಲ ಅಂತ ಹೇಳಿ ಹೋದರು. ಆಪರೇಷನ್ ಆಯಿತು, ಇಬ್ಬರೂ ಚೇತರಿಸಿಕೊಂಡರು. ಇದನ್ನು ಯಾಕೆ ಹೇಳಿದೆ ಗೊತ್ತಾ? ಹೆಂಡತಿಗಾಗಿ ಗಂಡ ತನ್ನ ಕೆಲಸ ಪಕ್ಕಕ್ಕಿಟ್ಟ ದಿನಗಳೂ ಆ ಮನೆಯಲ್ಲಿ ಇದ್ದವು. ಪಕ್ಕಕ್ಕಿಟ್ಟರು, ಬಿಟ್ಟುಬಿಡಲಿಲ್ಲ. ಆ ವರ್ಷವೇ ವಾಪಸ್ ಬಂದರು.

2017ರಲ್ಲಿ ಎಲ್ಕೆ ಮಾಡಿದ್ದೂ ಅದನ್ನೇ. ಕೋರ್ಟಿಗೆ ರಾಜೀನಾಮೆ ಕೊಡಲಿಲ್ಲ ಪುಟ್ಟಿ, ರಜೆ ಹಾಕಿದರು. ಐದು ವರ್ಷ ಗಂಡನ ಜೊತೆ ನಿಂತರು, ಮನಸ್ಸಿಟ್ಟು ನಿಂತರು. 2022ರಲ್ಲಿ ಸ್ಟೈನ್‌ಮಯರ್ ಎರಡನೇ ಬಾರಿಗೆ ಆಯ್ಕೆಯಾದರು. ಆಗ ಎಲ್ಕೆ ಮತ್ತೆ ನ್ಯಾಯಾಧೀಶೆಯ ಕೆಲಸಕ್ಕೆ ಹೋದರು. ಗಂಡ ಇನ್ನೂ ರಾಷ್ಟ್ರಪತಿ ಆಗಿರುವಾಗಲೇ! ಇದನ್ನು ಓದಿ ನಾನು ಸ್ವಲ್ಪ ಹೊತ್ತು ಪೇಪರ್ ಕೆಳಗಿಟ್ಟು ಕೂತುಬಿಟ್ಟೆ.

ಎಲ್ಲರಿಗೂ ಹೀಗೆ ಆಗೋದಿಲ್ಲ, ಅದೂ ಗೊತ್ತು. ಸ್ಟೈನ್‌ಮಯರ್ ಅವರಿಗಿಂತ ಮುಂಚಿನ ರಾಷ್ಟ್ರಪತಿ ಯೋಆಖಿಮ್ ಗೌಕ್ ಅವರ ಸಂಗಾತಿ ಡೇನಿಯೆಲಾ ಶಾಟ್ ಪತ್ರಕರ್ತೆ, ನ್ಯೂರೆಂಬರ್ಗ್‌ನ ಪತ್ರಿಕೆಯೊಂದರಲ್ಲಿ ರಾಜಕೀಯ ವಿಭಾಗ ನೋಡಿಕೊಳ್ಳುತ್ತಿದ್ದವರು. ರಾಷ್ಟ್ರಪತಿಯ ಮನೆಯಲ್ಲಿ ಕೂತು ರಾಜಕೀಯದ ಬಗ್ಗೆ ಬರೆಯೋದು ಹೇಗೆ? 2012ರಲ್ಲಿ ಕೆಲಸ ಬಿಟ್ಟರು. ಇನ್ನೂ ಹಿಂದೆ, 1979ರಿಂದ 84ರವರೆಗೆ ರಾಷ್ಟ್ರಪತಿ ಆಗಿದ್ದ ಕಾರ್ಲ್ ಕಾರ್ಸ್ಟೆನ್ಸ್ ಅವರ ಹೆಂಡತಿ ವೆರೋನಿಕಾ ಡಾಕ್ಟರು. ಅವರು ಆಗಿನ ರಾಜಧಾನಿ ಬಾನ್ ಹತ್ತಿರ ತಮ್ಮ ಕ್ಲಿನಿಕ್ ನಡೆಸಿಕೊಂಡೇ ಹೋದರು.

ನನಗೆ ಮನಸ್ಸಿಗೆ ಹತ್ತಿದ್ದು ಮಿಲ್ಡ್ರೆಡ್ ಶೀಲ್. ಅವರೂ ಡಾಕ್ಟರೇ, ಎಕ್ಸ್‌ರೇ ವಿಭಾಗದವರು. ದಿನವೂ ಕ್ಯಾನ್ಸರ್ ನೋಡಿದವರು. ಆಗಿನ ಕಾಲದಲ್ಲಿ ಆ ಹೆಸರು ಹೇಳಲೂ ಜನ ಹೆದರುತ್ತಿದ್ದರು. ಗಂಡ ವಾಲ್ಟರ್ ಶೀಲ್ 1974ರ ಜುಲೈನಲ್ಲಿ ರಾಷ್ಟ್ರಪತಿ ಆದರು, ಸೆಪ್ಟೆಂಬರ್‌ನಲ್ಲೇ ಇವರು ಕ್ಯಾನ್ಸರ್ ರೋಗಿಗಳ ನೆರವಿಗೆ ಒಂದು ಸಂಸ್ಥೆ ಕಟ್ಟಿದರು. ಗಂಡನ ಅವಧಿ ಮುಗಿದರೂ ಇವರ ಕೆಲಸ ನಿಲ್ಲಲಿಲ್ಲ. 1985ರಲ್ಲಿ ಅವರು ತೀರಿಕೊಂಡಿದ್ದೂ ಕ್ಯಾನ್ಸರ್‌ನಿಂದಲೇ. ಸಂಸ್ಥೆ ಈಗಲೂ ನಡೆಯುತ್ತಿದೆ. ಅವರು ತಮ್ಮ ಡಾಕ್ಟರಿಕೆಯನ್ನು ಬಾಗಿಲ ಹೊರಗೆ ಬಿಟ್ಟು ಆ ಮನೆಗೆ ಹೋಗಲಿಲ್ಲ, ಜೊತೆಗೇ ಒಳಗೆ ಕರಕೊಂಡು ಹೋದರು ಅನ್ನಿಸುತ್ತದೆ ನನಗೆ.

ಮೊದಲ ರಾಷ್ಟ್ರಪತಿ ಥಿಯೋಡೋರ್ ಹಾಯ್ಸ್ ಅವರ ಹೆಂಡತಿ ಎಲ್ಲಿ ಹಾಯ್ಸ್-ಕ್ನಾಪ್ ಅವರದು ಇನ್ನೊಂದು ಥರ. 1933ರಲ್ಲಿ ನಾಜಿಗಳು ಬಂದ ಮೇಲೆ ಗಂಡನ ಸಂಸತ್ ಸ್ಥಾನ, ಪಾಠ ಹೇಳುವ ಕೆಲಸ ಎರಡೂ ಹೋದವು. ಟೀಚರ್ ಆಗಿ ತರಬೇತಿ ಪಡೆದಿದ್ದ ಈ ಹೆಂಗಸು ರೇಡಿಯೋಗೆ ಜಾಹೀರಾತು ಬರೆದು ಮನೆ ನಡೆಸಿದರು. ಒಂದೊಂದು ಸಾಮಾನಿಗೆ ಒಂದೊಂದು ಪುಟ್ಟ ರಾಗ, ರಾಗ ಕೇಳಿದ ತಕ್ಷಣ ಯಾವ ಸಾಮಾನು ಅಂತ ಗೊತ್ತಾಗಬೇಕು. ಆ ಉಪಾಯ ಅಲ್ಲಿ ಮೊದಲು ತಂದವರು ಅವರೇ ಅಂತಾರೆ. ಯುದ್ಧ ಮುಗಿದ ಮೇಲೆ ತಾವೇ ಶಾಸಕಿ ಆದರು. 1949ರಲ್ಲಿ ಗಂಡ ರಾಷ್ಟ್ರಪತಿ ಆದಾಗ ಆ ಸ್ಥಾನ ಬಿಟ್ಟರು. ಮರುವರ್ಷವೇ ದಣಿದ ತಾಯಂದಿರಿಗೆ ವಿಶ್ರಾಂತಿ, ಚಿಕಿತ್ಸೆ ಕೊಡಿಸುವ ಸಂಸ್ಥೆ ಶುರು ಮಾಡಿದರು. ತಾಯಂದಿರಿಗೆ ದಣಿವಾಗುತ್ತದೆ ಅಂತ ಒಬ್ಬರಿಗಾದರೂ ಹೊಳೆಯಿತಲ್ಲ!

ಈಗ ನನ್ನ ವಿಷಯ. ಬೀರುವಿನ ಕೆಳಗಿನ ಖಾನೆಯಲ್ಲಿ, ನಿನ್ನ ಅಂಕಪಟ್ಟಿಗಳ ಫೈಲಿನ ಅಡಿಯಲ್ಲಿ, ಒಂದು ನೀಲಿ ಕಾರ್ಬನ್ ಪ್ರತಿ ಇದೆ. ನೀನು ನೋಡಿಲ್ಲ. ನಾನು ಗಣಿತದ ಟೀಚರ್ ಆಗಿ ಎಂಟು ವರ್ಷ ಆದಮೇಲೆ ಬರೆದ ರಾಜೀನಾಮೆ ಅದು. ನಿನ್ನ ಅಪ್ಪನಿಗೆ ಬಡ್ತಿ ಸಿಕ್ಕಿ ವರ್ಗ ಆಗಿತ್ತು. ಅವರು ಬಿಡು ಅಂತ ಒಂದು ದಿನವೂ ಹೇಳಲಿಲ್ಲ, ನಾನೇ ಬರೆದೆ. 'ಮನೆಯ ಕಾರಣಗಳಿಂದ' ಅಂತ ಒಂದೇ ಸಾಲು. ಕೊಡಲು ಹೋದಾಗ ಹೆಡ್‌ಮಿಸ್ಟ್ರೆಸ್, 'ಯಾಕಮ್ಮ, ಸಂಬಳ ಇಲ್ಲದ ರಜೆಗೆ ಅರ್ಜಿ ಹಾಕಿ ನೋಡು' ಅಂದರು. ನನಗೆ ನಾಚಿಕೆ ಆಯಿತು. ಇವರಿಗೆ ಯಾಕೆ ತೊಂದರೆ ಅಂತ ಸಹಿ ಹಾಕಿ ಬಂದುಬಿಟ್ಟೆ. ನೀನು ಎಂಟನೇ ಕ್ಲಾಸಿಗೆ ಬಂದಾಗ ಮತ್ತೆ ಹೋಗಿ ಕೇಳಿದೆ. ಅಷ್ಟರಲ್ಲಿ ವಯಸ್ಸು ಮೀರಿತ್ತು.

ನಿನ್ನ ಅಪ್ಪನ ಜೊತೆ ಹೋಗಿದ್ದಕ್ಕೆ ನನಗೆ ಬೇಸರ ಇಲ್ಲ. ಆ ಊರುಗಳೂ, ಆ ವರ್ಷಗಳೂ ನನ್ನವೇ. ನೀನೂ ಹೋಗು, ಖಂಡಿತ ಹೋಗು. ನನಗೆ ನೋವಾಗೋದು ಆ ಒಂದು ಸಹಿಗೆ ಮಾತ್ರ.

ಅದಕ್ಕೆ ಒಂದು ಕೆಲಸ ಮಾಡು. ನಾಳೆ ಆಫೀಸಿಗೆ ಹೋದ ತಕ್ಷಣ ಸಂಬಳ ಇಲ್ಲದ ರಜೆ ಎಷ್ಟು ವರ್ಷ ಸಿಗುತ್ತದೆ ಅಂತ ಕೇಳು. ಕೊಡಲ್ಲ ಅಂದರೆ ಆ ನಿಯಮವನ್ನೇ ತೋರಿಸಿ ಅನ್ನು. ಅಲ್ಲಿಂದಲೇ ಸ್ವಲ್ಪ ಕೆಲಸ ಮಾಡಿಕೊಡಲು ಆಗುತ್ತಾ ಅಂತಲೂ ಕೇಳು. ನಾಚಿಕೆ ಪಡಬೇಡ. ಅಳಿಯಂದಿರನ್ನೂ ಕೂರಿಸಿಕೊಂಡು ಮಾತಾಡು, ಒಳ್ಳೆಯ ಹುಡುಗ, ಅರ್ಥ ಮಾಡಿಕೊಳ್ಳುತ್ತಾರೆ. ಅರ್ಜಿ ಬರೆದ ಮೇಲೆ ಕೊಡುವ ಮುಂಚೆ ನನಗೆ ಒಂದು ಸಲ ಓದಿ ಹೇಳು. ರಾತ್ರಿ ಎಷ್ಟು ಹೊತ್ತಾದರೂ ಪರವಾಗಿಲ್ಲ, ಎದ್ದಿರುತ್ತೇನೆ.

ನಿನ್ನ
ಅಮ್ಮ